ಅಜ್ಜಿಯ ಕಾಲದ ನಾಟಿ ಕೋಳಿ ಕುಗ್ಗುತ್ತಿದೆ: ಹೊರಗಿನಿಂದ ಹುಂಜ ತರಬೇಕೇ, ಇದ್ದ ತಳಿಯನ್ನೇ ತಿದ್ದಬೇಕೇ?

ಹೊಳಲ್ಕೆರೆ ತಾಲ್ಲೂಕಿನ ರೈತ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಈಗ 14 ಹೇಂಟೆ ಮತ್ತು ಒಂದು ಹುಂಜ ಇವೆ. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ತವರಿನಿಂದ ಮಂಕರಿಯಲ್ಲಿ ತಂದ ಹೇಂಟೆಗಳ ಸಂತತಿ ಇದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹುಂಜಗಳಿಗೆ ಕಪ್ಪು ಎದೆ, ಕೆಂಡದ ಬಣ್ಣದ ಕುತ್ತಿಗೆ. ಹೇಂಟೆಗಳು ಒಣಗಿದ ರಾಗಿ ತೆನೆಯ ಬಣ್ಣದವು. ಕಾವಿಗೆ ಕೂತರೆ ಮೈಮೇಲೆ ನೀರು ಬಿದ್ದರೂ ಏಳುವುದಿಲ್ಲ, ಮರಿಗಳನ್ನು ಹದ್ದಿನಿಂದ ಕಾಯುವುದರಲ್ಲಿ ಇವುಗಳಿಗೆ ಸಾಟಿಯಿಲ್ಲ.

ಆದರೆ ಕಳೆದ ಏಳೆಂಟು ವರ್ಷಗಳಿಂದ ತಳಿ ಕುಗ್ಗುತ್ತಿದೆ. ಹಿಂದೆ 12 ಮೊಟ್ಟೆಗೆ 10 ಮರಿ ಒಡೆಯುತ್ತಿದ್ದವು, ಈಗ 6 ಅಥವಾ 7 ಬಂದರೆ ಹೆಚ್ಚು. ಬಲಿತ ಹುಂಜ ಎರಡೂವರೆ ಕೆಜಿ ತೂಗುತ್ತಿದ್ದುದು ಎರಡು ಕೆಜಿಯನ್ನೂ ಮುಟ್ಟುತ್ತಿಲ್ಲ. ಕೆಲವು ಮರಿಗಳ ಕಾಲ್ಬೆರಳು ವಕ್ರವಾಗಿರುತ್ತವೆ. ಎರಡು ವರ್ಷಕ್ಕೊಮ್ಮೆ ಹಳೆಯ ಹುಂಜವನ್ನು ತೆಗೆದು ಅದರ ಮಗನನ್ನೇ ಉಳಿಸಿಕೊಳ್ಳುವುದು ನಮ್ಮ ರೂಢಿ. ಗಿರಿರಾಜ ಎಂಬ ಮಿಶ್ರತಳಿಯ ಹುಂಜವೊಂದನ್ನು ತಂದು ಬಿಟ್ಟರೆ ಒಂದೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ನನಗೆ ತೂಕ ಬೇಕು, ಆದರೆ ಅದಕ್ಕಾಗಿ ಈ ಕೋಳಿಯನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಅನುಭವವಿರುವವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಜಗಳೂರಿನ ಗೃಹಿಣಿ, 40 ಕೋಳಿ

ತಮ್ಮಾ, ಆ ಹುಂಜವನ್ನು ತರುವ ಮೊದಲು ನನ್ನ ಕಥೆಯನ್ನು ಓದಿಬಿಡು. ಆರು ವರ್ಷದ ಹಿಂದೆ ನಾನೂ ನಾಟಿ ಹೇಂಟೆಗಳ ನಡುವೆ ಗಿರಿರಾಜ ಹುಂಜ ಬಿಟ್ಟಿದ್ದೆ. ಮೊದಲ ವರ್ಷದ ಮರಿಗಳನ್ನು ನೋಡಿದವರೆಲ್ಲ ಬೆರಗಾದರು. ಐದು ತಿಂಗಳಿಗೇ ನಮ್ಮ ಬಲಿತ ಹುಂಜದಷ್ಟು ತೂಕ ಬಂದಿತ್ತು. ಆ ಸಂತೋಷದಲ್ಲಿ ಹಳೆಯ ಹೇಂಟೆಗಳನ್ನು ಒಂದೊಂದಾಗಿ ಮಾರಿ, ಈ ಮಿಶ್ರ ಮರಿಗಳನ್ನೇ ಮುಂದಿನ ತಾಯಿಗಳನ್ನಾಗಿ ಉಳಿಸಿಕೊಂಡೆ. ಎರಡನೆಯ ತಲೆಮಾರಿನಲ್ಲಿ ಒಂದು ಮರಿ ಇದ್ದಂತೆ ಇನ್ನೊಂದು ಇರಲಿಲ್ಲ. ಕೆಲವು ಭಾರಿಯಾಗಿ ಬೆಳೆದು ಕೈಕಾಳಿಗಾಗಿ ಬಾಗಿಲಲ್ಲೇ ನಿಂತವು, ಕೆಲವು ನಾಟಿಗಿಂತಲೂ ಸಣ್ಣಗಾದವು. ಮೂರನೆಯ ವರ್ಷಕ್ಕೆ 22 ಹೇಂಟೆಗಳಲ್ಲಿ ಸರಿಯಾಗಿ 21 ದಿನ ಕಾವು ಕೂತು ಏಳುವಂಥವು ಐದು ಮಾತ್ರ ಉಳಿದಿದ್ದವು. ಅರ್ಧದಲ್ಲೇ ಎದ್ದುಹೋದ ಹೇಂಟೆಯ ಗೂಡಿನ ಮೊಟ್ಟೆ ಒಡೆದು ನೋಡಿದಾಗ ಒಳಗೆ ಗರಿ ಮೂಡಿದ ಮರಿ ಸತ್ತಿತ್ತು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ಗಿರಿರಾಜ ಕೆಟ್ಟ ಕೋಳಿ ಎಂದು ನಾನು ಹೇಳುತ್ತಿಲ್ಲ. ಮಾಂಸಕ್ಕಾಗಿ ಬೇಕಾದರೆ ಪ್ರತಿ ಸಲ ಹೊಸ ಮರಿಗಳನ್ನೇ ತಂದು ಬೇರೆ ಗೂಡಿನಲ್ಲಿ ಸಾಕು. ಅಜ್ಜಿಯ ಹೇಂಟೆಗಳ ನಡುವೆ ಮಾತ್ರ ಬಿಡಬೇಡ.

ದಾವಣಗೆರೆಯ ನಿವೃತ್ತ ಪಶುವೈದ್ಯ

ಜಗಳೂರಿನ ತಂಗಿ ಕಂಡದ್ದಕ್ಕೆ ಕಾರಣವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಬೇರೆ ಬೇರೆ ವಂಶಗಳನ್ನು ಕೂಡಿಸಿ ಪಡೆದ ಕೋಳಿಗಳು. ಅವುಗಳ ಗುಣ ಆ ಕೂಡಿಕೆಯ ಫಲ. ಮುಂದಿನ ತಲೆಮಾರಿನಲ್ಲಿ ಆ ಗುಣಗಳು ಚದುರಿಹೋಗುತ್ತವೆ, ಆದ್ದರಿಂದಲೇ ಅಂಥ ಮರಿಗಳನ್ನು ಪ್ರತಿ ಸಲ ಕೇಂದ್ರದಿಂದಲೇ ತರಬೇಕಾಗುತ್ತದೆ. ನಾಟಿ ಕೋಳಿಯಾದರೋ ತನ್ನಂಥದನ್ನೇ ಹುಟ್ಟಿಸುವ ಕೋಳಿ.

ಈಗ ಹೊಳಲ್ಕೆರೆಯವರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕೋಳಿಗೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು, ಅವನ್ನು ಒಂದೇ ಎಂದು ತಿಳಿದರೆ ಮದ್ದು ತಪ್ಪುತ್ತದೆ.

ಮೊದಲನೆಯದು ರಕ್ತಸಂಬಂಧದೊಳಗಿನ ಕೂಡಿಕೆ. ಹಿಂಡಿನಲ್ಲಿ 14 ಹೇಂಟೆ ಇದ್ದರೂ ಹುಂಜ ಒಂದೇ ಆದಾಗ, ಹುಟ್ಟುವ ಮರಿಗಳೆಲ್ಲ ತಂದೆಯ ಕಡೆಯಿಂದ ಒಡಹುಟ್ಟುಗಳೇ. ಇದಕ್ಕೊಂದು ಲೆಕ್ಕವಿದೆ. ಹುಂಜಗಳ ಸಂಖ್ಯೆ ಮತ್ತು ಹೇಂಟೆಗಳ ಸಂಖ್ಯೆಯ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಗಳ ಸಂಖ್ಯೆಯಿಂದ ಭಾಗಿಸಬೇಕು. ನಿಮ್ಮಲ್ಲಿ 56ನ್ನು 15ರಿಂದ ಭಾಗಿಸಿದರೆ 3.7 ಬರುತ್ತದೆ. ಅಂದರೆ ತಳಿಯ ದೃಷ್ಟಿಯಿಂದ ನಿಮ್ಮ ಹಿತ್ತಲಿನಲ್ಲಿ 15 ಕೋಳಿಗಳಿಲ್ಲ, ನಾಲ್ಕಕ್ಕೂ ಕಡಿಮೆ ಇವೆ. ಇಂಥ ಹಿಂಡಿನಲ್ಲಿ ರಕ್ತಸಂಬಂಧದ ಪ್ರಮಾಣ ತಲೆಮಾರಿಗೆ ಶೇಕಡಾ 13ರಷ್ಟು ಏರುತ್ತದೆ. ನಾಲ್ಕು ತಲೆಮಾರಿಗೆ ಶೇಕಡಾ 40ನ್ನು ದಾಟುತ್ತದೆ. ಹಳೆಯ ಹೇಂಟೆಗಳೂ ಜೊತೆಗಿರುವುದರಿಂದ ನಿಮ್ಮಲ್ಲಿ ಅಷ್ಟು ಆಗಿರಲಾರದು, ಆದರೂ ಮೊಟ್ಟೆ ಒಡೆಯುವ ಪ್ರಮಾಣ ಮೊದಲು ಕುಸಿಯುವುದು ಈ ಕಾರಣದಿಂದಲೇ. ಅದೇ 3 ಹುಂಜ ಮತ್ತು 15 ಹೇಂಟೆಗಳಿದ್ದರೆ ಸಂಖ್ಯೆ 10ಕ್ಕೆ ಏರಿ, ತಲೆಮಾರಿನ ಹೆಚ್ಚಳ ಶೇಕಡಾ 5ಕ್ಕೆ ಇಳಿಯುತ್ತದೆ. ಎರಡು ಹುಂಜ ಹೆಚ್ಚಾದರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ.

ಎರಡನೆಯದು ಮೊಟ್ಟೆಯ ಆರೈಕೆ. ಫಲಗೂಡಿದ ಮೊಟ್ಟೆಯೊಳಗಿನ ಜೀವ ಸುಮಾರು 20–21 ಡಿಗ್ರಿಗಿಂತ ಕೆಳಗೆ ಮಾತ್ರ ನಿದ್ದೆಯಲ್ಲಿರುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಿನಲ್ಲಿ, ಹಂಚಿನ ಮನೆಯ ಅಟ್ಟದ ಮೇಲಿಟ್ಟ ಮೊಟ್ಟೆಯೊಳಗೆ ಬೆಳವಣಿಗೆ ಅರೆಬರೆಯಾಗಿ ಆರಂಭವಾಗಿ, ಮೊಟ್ಟೆ ಕಾವಿಗೆ ಹೋಗುವ ಮೊದಲೇ ಆ ಜೀವ ಸೋತಿರುತ್ತದೆ. ಏಳು ದಿನಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಇಡಬಾರದು. ಅಗಲ ಬಾಯಿಯ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರ ಮೇಲೆ ತೆಳುವಾದ ಬಟ್ಟೆ ಹಾಸಿ, ದಪ್ಪ ತುದಿ ಮೇಲಾಗುವಂತೆ ಮೊಟ್ಟೆ ಇಟ್ಟು, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿಡಿ. ಮೊಟ್ಟೆಯನ್ನು ತೊಳೆಯಬೇಡಿ; ಚಿಪ್ಪಿನ ಮೇಲಿನ ಸಹಜ ಪೊರೆ ಹೋದರೆ ಒಳಗೆ ಸೋಂಕು ಸೇರುತ್ತದೆ. ಕಾವಿಗಿಟ್ಟ ಏಳನೆಯ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದು, ರಕ್ತನಾಳ ಕಾಣದ ಮೊಟ್ಟೆಗಳನ್ನು ತೆಗೆಯಿರಿ.

ವಕ್ರ ಬೆರಳುಗಳ ಬಗ್ಗೆ ಒಂದು ಎಚ್ಚರಿಕೆ. ಬೆರಳು ಪಕ್ಕಕ್ಕೆ ಬಾಗಿದ್ದರೆ ಅದು ಹೆಚ್ಚಾಗಿ ವಂಶದ ದೋಷ, ಅಂಥ ಮರಿಯನ್ನು ತಳಿಗೆ ಉಳಿಸಬೇಡಿ. ಬೆರಳುಗಳು ಒಳಮುಖವಾಗಿ ಮುಷ್ಟಿಯಂತೆ ಮಡಿಚಿ ಮರಿ ಮಂಡಿಯ ಮೇಲೆ ನಡೆಯುತ್ತಿದ್ದರೆ ಅದು ಬಿ2 ಜೀವಸತ್ವದ ಕೊರತೆ, ವಂಶದ ತಪ್ಪಲ್ಲ. ಬೇಸಿಗೆಯಲ್ಲಿ ಹಸಿರು ಸಿಗದ ಹೇಂಟೆಯ ಮೊಟ್ಟೆಯಲ್ಲಿ ಇದು ಸಾಮಾನ್ಯ. ನುಗ್ಗೆ ಸೊಪ್ಪು, ಕುದುರೆಮೆಂತೆ, ಅಜೋಲ ಕೊಟ್ಟರೆ ಮುಂದಿನ ಮರಿಗಳಲ್ಲಿ ಕಾಣುವುದಿಲ್ಲ.

ಮೂರನೆಯದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ನನ್ನ ಮಟ್ಟಿಗೆ ಅದೇ ದೊಡ್ಡದು. ನಿಮ್ಮಲ್ಲಿ ಹುಂಜಗಳನ್ನು ಯಾವಾಗ ಮಾರುತ್ತೀರಿ, ಯಾವುದನ್ನು ಮೊದಲು ಮಾರುತ್ತೀರಿ?

ಹೊಳಲ್ಕೆರೆ ತಾಲ್ಲೂಕಿನ ರೈತ

ಡಾಕ್ಟರೇ, ನಿಮ್ಮ ಕೊನೆಯ ಪ್ರಶ್ನೆಯನ್ನು ಓದಿ ಎರಡು ದಿನ ಯೋಚಿಸಿದೆ. ಮಾರಿಹಬ್ಬ, ಜಾತ್ರೆ ಹತ್ತಿರ ಬಂದಾಗ ವ್ಯಾಪಾರಿ ಮನೆಗೇ ಬರುತ್ತಾನೆ. ಹಿಂಡಿನಲ್ಲಿ ಎತ್ತರವಾದ, ಎದೆ ತುಂಬಿದ ಹುಂಜಮರಿಗೇ ಕೈ ಹಾಕುತ್ತಾನೆ, ಬೆಲೆಯೂ ಅದಕ್ಕೇ. ಮೂರು ಹೋದ ಮೇಲೆ ಉಳಿದ ಒಂದು ಸಣ್ಣದು ಮನೆಯ ಹುಂಜವಾಗುತ್ತದೆ. ಹತ್ತು ವರ್ಷದಿಂದ ನಾವು ಮಾಡಿದ್ದು ಇದನ್ನೇ.

ಅಜ್ಜಿ ಹೀಗೆ ಮಾಡುತ್ತಿರಲಿಲ್ಲ. ಮರಿಯಿದ್ದಾಗಲೇ ಒಂದು ಒಳ್ಳೆಯ ಹುಂಜವನ್ನು ಗುರುತಿಸಿ ಅಮ್ಮನಿಗೆ ಬಿಟ್ಟದ್ದು ಎಂದು ಕಾಲಿಗೆ ದಾರ ಕಟ್ಟುತ್ತಿದ್ದಳು. ಜಾತ್ರೆಯವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ, ಹಾಗಾಗಿ ಒಂದೂವರೆ ವರ್ಷ ಹಿಂಡಿನ ಮರಿಗಳಿಗೆಲ್ಲ ಅದೇ ತಂದೆಯಾಗಿರುತ್ತಿತ್ತು. ಹರಕೆ ತೀರಿಸುವಷ್ಟರಲ್ಲಿ ಅದರ ಮಕ್ಕಳು ಬೆಳೆದಿರುತ್ತಿದ್ದವು. ಹರಕೆಯ ಹಿಂದೆ ತಳಿಯೂ ಉಳಿಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಈಗ.

ಮೊಟ್ಟೆಯನ್ನು ನಾವು ಇಡುವುದು ಒಲೆಯ ಪಕ್ಕದ ಗೂಡಿನಲ್ಲಿ. ಅದನ್ನು ಇವತ್ತೇ ಬದಲಿಸುತ್ತೇನೆ. ಆದರೆ ಹೊಸ ಹುಂಜ ಎಲ್ಲಿಂದ ತರಬೇಕು? ಸಂತೆಯಲ್ಲಿ ಸಿಗುವುದು ನಮ್ಮಂಥದೇ ಎಂದು ತಿಳಿಯುವುದು ಹೇಗೆ?

ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರ

ಅಣ್ಣಾ, ಸಂತೆಯಿಂದ ತರುವ ಅಗತ್ಯವಿಲ್ಲ. ನಮ್ಮಲ್ಲಿ ಇರುವುದೂ ಕೆಂಡದ ಕುತ್ತಿಗೆಯ ಹುಂಜಗಳೇ, ತಾತನ ಕಾಲದಿಂದ ಹೊರಗಿನ ಕೋಳಿ ಸೇರಿಲ್ಲ. ಎರಡು ಹುಂಜ ಕೊಡುತ್ತೇನೆ, ದುಡ್ಡು ಬೇಡ, ಬದಲಿಗೆ ನಿಮ್ಮಲ್ಲಿ ಹುಟ್ಟುವ ಒಂದನ್ನು ಕೊಡಿ.

ಆದರೆ ಒಂದು ಮಾತನ್ನು ಖಚಿತವಾಗಿ ಹೇಳಬೇಕು. ತಳಿ ಎಂದ ಮೇಲೆ ಅದಕ್ಕೊಂದು ರೂಪವಿರಬೇಕು. ನಮ್ಮ ಪಕ್ಕದ ಗಡಿಸೀಮೆಯ ಘಾಗಸ್ ಕೋಳಿಯನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಆಂಧ್ರ ಮತ್ತು ಕರ್ನಾಟಕದ ತಳಿಯೆಂದು ನೋಂದಾಯಿಸಿದೆ. ಅಸೀಲ್ ಕೋಳಿಯಲ್ಲಿ ಪೀಲಾ, ಯಾಕೂಬ್, ಕಾಗರ್ ಎಂದು ಬಣ್ಣಕ್ಕೊಂದು ಹೆಸರಿದೆ. ನಮ್ಮ ಕೋಳಿಗೆ ಹೆಸರಿಲ್ಲದಿರಲು ಕಾರಣ ಕಂಡಕಂಡ ಬಣ್ಣವನ್ನು ಬೆರೆಸಿದ್ದೇ. ಆದ್ದರಿಂದ ಕೆಂಡದ ಕುತ್ತಿಗೆ, ಕಪ್ಪು ಎದೆ ಇಲ್ಲದ ಹುಂಜವನ್ನು ಯಾರೂ ಉಳಿಸಬಾರದು ಎಂದು ಮೊದಲು ನಿಯಮ ಮಾಡಿಕೊಳ್ಳೋಣ. ಬೋಳುಕತ್ತಿನವನ್ನೂ ತೆಗೆಯೋಣ.

ಜಗಳೂರಿನ ಗೃಹಿಣಿ, 40 ಕೋಳಿ

ಇದನ್ನು ನಾನು ಒಪ್ಪುವುದಿಲ್ಲ. ನನ್ನಲ್ಲಿ ಒಂದೇ ವರ್ಷ ಮೂರು ಸಲ ಕಾವು ಕೂತು 29 ಮರಿಗಳನ್ನು ಬೆಳೆಸಿದ ಹೇಂಟೆ ಬೋಳುಕತ್ತಿನದು. ಅದರ ಮೈಬಣ್ಣ ಬೂದಿ. ಬಣ್ಣ ಸರಿಯಿಲ್ಲವೆಂದು ಅದನ್ನು ಕೊಯ್ದರೆ, ಉಳಿಯುವ ಚೆಂದದ ಹೇಂಟೆ ಹದ್ದು ಬಂದಾಗ ಮೊದಲು ತಾನೇ ಓಡಿಹೋಗುತ್ತದೆ. ಮರಿ ಬೆಳೆಸುವ ತಾಯಿಯನ್ನು ಮೊದಲು ಹುಡುಕೋಣ, ಅವಳಿಗೆ ಯಾವ ಸೀರೆ ಉಡಿಸಬೇಕೆಂಬುದನ್ನು ಆಮೇಲೆ ನೋಡೋಣ.

ದಾವಣಗೆರೆಯ ಪ್ರಾಣಿಶಾಸ್ತ್ರ ಉಪನ್ಯಾಸಕಿ

ಬೋಳುಕತ್ತಿನ ವಿಷಯದಲ್ಲಿ ನಾನು ಜಗಳೂರಿನ ಅಕ್ಕನ ಪಕ್ಷ. ಅದು ರೋಗವೂ ಅಲ್ಲ, ಕಲಬೆರಕೆಯ ಗುರುತೂ ಅಲ್ಲ. ಒಂದೇ ಒಂದು ವಂಶವಾಹಿಯ ಕೆಲಸ. ಆ ವಂಶವಾಹಿಯ ಒಂದು ಪ್ರತಿ ಮಾತ್ರ ಇದ್ದರೆ ಕುತ್ತಿಗೆಯ ಮುಂಭಾಗದಲ್ಲಿ ಒಂದು ಗರಿಗೊಂಚಲು ಉಳಿಯುತ್ತದೆ, ಎರಡೂ ಇದ್ದರೆ ಕುತ್ತಿಗೆ ಬಹುತೇಕ ಪೂರ್ತಿ ಬೋಳಾಗಿರುತ್ತದೆ. ಮೈಯ ಒಟ್ಟು ಗರಿಯೂ ಮೊದಲನೆಯದರಲ್ಲಿ ಸುಮಾರು ಶೇಕಡಾ 20, ಎರಡನೆಯದರಲ್ಲಿ ಸುಮಾರು ಶೇಕಡಾ 40ರಷ್ಟು ಕಡಿಮೆಯಿರುವುದರಿಂದ ದೇಹದ ಬಿಸಿ ಬೇಗ ಹೊರಹೋಗುತ್ತದೆ. ಚಳ್ಳಕೆರೆಯಂಥ ಬಿಸಿಲಿನ ನಾಡಿನಲ್ಲಿ ಇದನ್ನು ತೆಗೆದುಹಾಕುವುದು ನೆರಳಿನ ಮರವನ್ನು ಕಡಿದಂತೆ.

ಆಯ್ಕೆಯ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಎಲ್ಲ ಗುಣಗಳೂ ತಂದೆತಾಯಿಯಿಂದ ಮಕ್ಕಳಿಗೆ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ದೇಹದ ತೂಕ, ಮೊಟ್ಟೆಯ ಗಾತ್ರ ಚೆನ್ನಾಗಿ ಇಳಿಯುತ್ತವೆ, ಆದ್ದರಿಂದ ಕೋಳಿಯನ್ನೇ ನೋಡಿ, ತೂಗಿ ಆರಿಸಿದರೆ ಸಾಕು. ಮೊಟ್ಟೆಯ ಸಂಖ್ಯೆ, ಮರಿಗಳ ಉಳಿವು ಅಷ್ಟಾಗಿ ಇಳಿಯುವುದಿಲ್ಲ. ಅಲ್ಲಿ ಮೇವು, ಋತು, ಅದೃಷ್ಟದ ಪಾಲೇ ಹೆಚ್ಚು. ಅಂಥ ಗುಣಕ್ಕೆ ಒಂದು ಕೋಳಿಯನ್ನು ನೋಡಿ ತೀರ್ಮಾನಿಸದೆ ಅದರ ತಾಯಿ, ಅಕ್ಕತಂಗಿಯರು, ಚಿಕ್ಕಮ್ಮಂದಿರು ಹೇಗಿದ್ದರು ಎಂದು ಇಡೀ ಮನೆತನವನ್ನು ನೋಡಬೇಕು. ಹುಂಜ ಮೊಟ್ಟೆ ಇಡುವುದಿಲ್ಲ, ಕಾವು ಕೂರುವುದಿಲ್ಲ. ಅದರ ಬೆಲೆ ತಿಳಿಯುವುದು ಅದರ ಅಕ್ಕತಂಗಿಯರಿಂದಲೇ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೋಳಿಗಳಲ್ಲಿ ಲಿಂಗದ ಲೆಕ್ಕ ಮನುಷ್ಯರಿಗೆ ತಿರುಗುಮುರುಗು. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಹೇಂಟೆಮರಿಗೆ ಝಡ್ ಬರುವುದು ತಂದೆಯಿಂದ ಮಾತ್ರ. ಗರಿ ಬೇಗ ಅಥವಾ ತಡವಾಗಿ ಮೂಡುವುದು, ಗರಿಯ ಮೇಲಿನ ಅಡ್ಡಪಟ್ಟಿ, ಬೆಳ್ಳಿ ಅಥವಾ ಹೊಂಬಣ್ಣ ಇವೆಲ್ಲ ಝಡ್ ಮೇಲಿರುವ ಗುಣಗಳು. ಇಂಥವುಗಳಲ್ಲಿ ಮಗಳು ಅಪ್ಪನ ಮಗಳೇ.

ಹೋಲಿಸುವಾಗ ಒಂದೇ ವಾರದಲ್ಲಿ ಒಡೆದ ಮರಿಗಳನ್ನು ಮಾತ್ರ ಒಂದರ ಪಕ್ಕ ಒಂದಿಟ್ಟು ತೂಗಿರಿ. ಮಳೆಗಾಲದಲ್ಲಿ ಗೆದ್ದಲು, ಹುಳು, ಹಸಿರು ತಿಂದು ಬೆಳೆದ ಮರಿಯನ್ನು ಮಾರ್ಚ್ ತಿಂಗಳ ಮರಿಯೊಂದಿಗೆ ತೂಗಿದರೆ ನೀವು ಆರಿಸುವುದು ಮಳೆಯನ್ನು, ತಳಿಯನ್ನಲ್ಲ. ಮನೆತನ ತಿಳಿಯಲು ಗುರುತು ಬೇಕು. ಕೋಳಿಯ ಮುಂದಿನ ಮೂರು ಬೆರಳುಗಳ ನಡುವೆ ಎರಡು ತೆಳುಪೊರೆಗಳಿವೆ, ಎರಡೂ ಕಾಲು ಸೇರಿ ನಾಲ್ಕು. ಮರಿ ಒಡೆದ ದಿನವೇ ಸಣ್ಣ ತೂತು ಕೊರೆಯುವ ಸಾಧನದಿಂದ ಇವುಗಳಲ್ಲಿ ಬೇಕಾದವಕ್ಕೆ ರಂಧ್ರ ಮಾಡಿದರೆ, ಏನೂ ಮಾಡದಿರುವುದನ್ನೂ ಸೇರಿಸಿ 16 ಬಗೆಯ ಗುರುತುಗಳಾಗುತ್ತವೆ. ಒಂದು ನೋಟ್‌ಬುಕ್ ಮತ್ತು ಈ 16 ಗುರುತು ಒಂದು ಹಳ್ಳಿಯ ಕೋಳಿಗಳಿಗೆಲ್ಲ ಸಾಕು.

ಚನ್ನಗಿರಿ ತಾಲ್ಲೂಕಿನ ಯುವ ಕೃಷಿಕ

ಎಲ್ಲರೂ ಕಾವು ಕೂರುವ ಗುಣವನ್ನು ಹೊಗಳುತ್ತಿದ್ದೀರಿ. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಡುವುದು ಅದು ಮೂರು ನಾಲ್ಕು ಸಲ ಕಾವಿಗೆ ಕೂತು, ಮರಿಗಳ ಹಿಂದೆ ಎರಡೆರಡು ತಿಂಗಳು ತಿರುಗುವುದರಿಂದ. ನನ್ನಲ್ಲಿ ಸಣ್ಣ ಕಾವುಪೆಟ್ಟಿಗೆ ಇದೆ. 37.5 ಡಿಗ್ರಿ ಶಾಖ, 18ನೆಯ ದಿನದವರೆಗೆ ಮೊಟ್ಟೆ ತಿರುಗಿಸುವುದು, ಕೊನೆಯ ಮೂರು ದಿನ ತೇವ ಹೆಚ್ಚಿಸುವುದು, ಇಷ್ಟು ಮಾಡಿದರೆ ಮರಿ ಒಡೆಯುತ್ತವೆ. ಕಾವು ಕೂರದ ಹೇಂಟೆಗಳನ್ನೇ ಆರಿಸುತ್ತ ಹೋದರೆ ಮೊಟ್ಟೆ ನೂರನ್ನು ದಾಟಿಸಬಹುದಲ್ಲವೇ?

ದಾವಣಗೆರೆಯ ನಿವೃತ್ತ ಪಶುವೈದ್ಯ

ದಾಟಿಸಬಹುದು. ಬಿಳಿ ಲೆಗಾರ್ನ್ ಕೋಳಿಯಲ್ಲಿ ಆಗಿದ್ದೂ ಅದೇ. ಕಾವು ಕೂರುವ ಗುಣವನ್ನು ತೆಗೆದೇ ಅದನ್ನು ಮೊಟ್ಟೆಯ ಕೋಳಿಯಾಗಿಸಿದರು. ಆದರೆ ಆ ಕೋಳಿಯ ಮುಂದಿನ ತಲೆಮಾರು ವಿದ್ಯುತ್ತಿಗೆ ಕಟ್ಟುಬಿದ್ದಿದೆ. ನಿಮ್ಮ ಊರಿನಲ್ಲಿ ಕಾವಿನ 19ನೆಯ ದಿನ ಎಂಟು ಗಂಟೆ ಕರೆಂಟ್ ಹೋದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. ಜೊತೆಗೆ, ಪೆಟ್ಟಿಗೆಯಿಂದ ಬಂದ ಮರಿಗೆ ಹದ್ದಿನ ನೆರಳು ಬಿದ್ದಾಗ ಬೇಲಿಗೆ ಓಡು ಎಂದು ಕೂಗಿ ಹೇಳುವ ತಾಯಿಯಿರುವುದಿಲ್ಲ. ನಿಮ್ಮ ದಾರಿ ತಪ್ಪೆಂದು ಹೇಳಲಾರೆ. ಅದು ಬೇರೆ ಕೋಳಿಯ ದಾರಿ. ಹಿತ್ತಲಿನ ಕೋಳಿಗೆ ನಾನು ಎಣಿಸುವುದು ಮೊಟ್ಟೆಯನ್ನಲ್ಲ, ಒಂದು ಹೇಂಟೆಯಿಂದ ವರ್ಷಕ್ಕೆ ಎಂಟು ವಾರ ದಾಟಿದ ಮರಿಗಳೆಷ್ಟು ಎಂಬುದನ್ನು. ಈ ಒಂದು ಅಂಕಿಯಲ್ಲಿ ಮೊಟ್ಟೆ, ಕಾವು, ತಾಯ್ತನ, ಆರೋಗ್ಯ ಎಲ್ಲವೂ ಸೇರಿರುತ್ತವೆ.

ಈಗ ಹುಂಜ ಬದಲಿಸುವ ಕ್ರಮ. ನಮ್ಮ ದುರ್ಗದ ಸೀಮೆಯಲ್ಲಿ ಒಂದೇ ಬೆಡಗಿನೊಳಗೆ, ಅಂದರೆ ಒಂದೇ ಕುಲದೊಳಗೆ, ಹೆಣ್ಣು ಕೊಟ್ಟು ತರುವುದಿಲ್ಲ. ಕೋಳಿಗೂ ಅದನ್ನೇ ಅನ್ವಯಿಸಿ. ಹೊಳಲ್ಕೆರೆ, ಜಗಳೂರು, ಚಳ್ಳಕೆರೆ ಈ ಮೂರು ಮನೆಗಳ ಹಿಂಡುಗಳನ್ನು ಮೂರು ಬೆಡಗು ಎಂದಿಟ್ಟುಕೊಳ್ಳಿ. ಹೇಂಟೆಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯಲಿ, ಹುಂಜಮರಿಗಳು ಅಳಿಯಂದಿರಾಗಿ ಹೋಗಲಿ: ಚಳ್ಳಕೆರೆಯ ಹುಂಜ ಹೊಳಲ್ಕೆರೆಗೆ, ಹೊಳಲ್ಕೆರೆಯದು ಜಗಳೂರಿಗೆ, ಜಗಳೂರಿನದು ಚಳ್ಳಕೆರೆಗೆ. ಪ್ರತಿ ವರ್ಷ ಇದೇ ಸುತ್ತು, ದಿಕ್ಕು ಬದಲಾಗಬಾರದು. ಒಂದೊಂದು ಮನೆಯಲ್ಲಿ ಎರಡು ಹುಂಜಗಳಿರಲಿ, ಅವು ಒಂದೇ ತಾಯಿಯ ಮಕ್ಕಳಾಗದಿರಲಿ. ಹಳೆಯ ಹುಂಜವನ್ನು ತೆಗೆದ ಮೇಲೂ ಹೇಂಟೆಯ ಹೊಟ್ಟೆಯಲ್ಲಿ ಅದರ ಬೀಜ ಎರಡು, ಮೂರು ವಾರ ಜೀವಂತವಿರುತ್ತದೆ. ಆದ್ದರಿಂದ ಹೊಸ ಹುಂಜ ಬಂದ ಮೂರು ವಾರಗಳ ನಂತರದ ಮೊಟ್ಟೆಯನ್ನಷ್ಟೇ ತಳಿಯ ಲೆಕ್ಕಕ್ಕೆ ಹಿಡಿಯಿರಿ.

ಹಿರಿಯೂರಿನ ರೈತ

ಹುಂಜಗಳನ್ನು ಕೊಡುವ ತರುವ ಮಾತು ಬಂದದ್ದರಿಂದ ಬರೆಯಲೇಬೇಕಾಯಿತು. ನಾಲ್ಕು ವರ್ಷದ ಹಿಂದೆ ಸಂತೆಯಲ್ಲಿ ಮೆಚ್ಚಿ ತಂದ ಒಂದು ಹುಂಜವನ್ನು ಅದೇ ಸಂಜೆ ಹಿಂಡಿಗೆ ಬಿಟ್ಟೆ. ಆರನೆಯ ದಿನ ಅದು ತೂಕಡಿಸತೊಡಗಿತು, ಹಸಿರು ಹಿಕ್ಕೆ ಹಾಕಿತು. ಹತ್ತು ದಿನಗಳಲ್ಲಿ ಕುತ್ತಿಗೆ ತಿರುಚಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತ 31 ಕೋಳಿಗಳು ಸತ್ತವು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಆ ಹಿಂಡನ್ನು ನನ್ನ ತಾಯಿ 20 ವರ್ಷ ಕಾಪಾಡಿಕೊಂಡು ಬಂದಿದ್ದಳು. ಒಂದು ತಳಿ ಹೋಗಲು ಹತ್ತು ದಿನ ಸಾಕು ಎಂಬುದನ್ನು ಮರೆಯಬೇಡಿ.

ಹೊರಗಿನ ಹುಂಜವನ್ನು ಕನಿಷ್ಠ ಮೂರು ವಾರ ಬೇರೆ ಗೂಡಿನಲ್ಲಿಡಿ. ಅದಕ್ಕೆ ನೀರು ಹಾಕಿದ ಮೇಲೆ ಕೈಕಾಲು ತೊಳೆಯದೆ ಮನೆಯ ಕೋಳಿಗಳ ಬಳಿ ಹೋಗಬೇಡಿ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಈ ರೋಗದ ಲಸಿಕೆಯಾದ ಲಸೋಟಾ ಹನಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಇದೇ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು ಹಾಕಿಸಬೇಕು. ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲಿರಬೇಕು. ಹತ್ತು ಕೋಳಿಯವರು ಇದಕ್ಕಾಗಿಯೇ ಲಸಿಕೆ ಹಾಕಿಸುವುದಿಲ್ಲ. ನಮ್ಮ ಬೀದಿಯ ಏಳು ಮನೆಯವರು ಈಗ ಒಂದು ದಿನ ಗೊತ್ತು ಮಾಡಿಕೊಂಡು, ನಸುಕಿನಲ್ಲಿ ಕೋಳಿಗಳು ಗೂಡಿನಿಂದ ಇಳಿಯುವ ಮೊದಲೇ ಒಂದು ಸೀಸೆಯನ್ನು ಮನೆಯಿಂದ ಮನೆಗೆ ಒಯ್ದು ಮುಗಿಸುತ್ತೇವೆ. ಅಂದಿನಿಂದ ರೋಗ ಬಂದಿಲ್ಲ.

ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರ

ಬೋಳುಕತ್ತಿನ ಬಗ್ಗೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಕಳೆದ ಮೇ ತಿಂಗಳಿನಲ್ಲಿ ಮಧ್ಯಾಹ್ನದ ಹೊತ್ತು ಬಾಯಿ ತೆರೆದು ಏದುಸಿರು ಬಿಡುತ್ತ ಬಿದ್ದ ನನ್ನ ನಾಲ್ಕು ಕೋಳಿಗಳೂ ತುಂಬು ಗರಿಯವು ಎಂಬುದು ಈಗ ನೆನಪಾಯಿತು. ಬಣ್ಣದ ಆಸೆ ನನ್ನಲ್ಲಿ ಹೋಗಿಲ್ಲ, ಆದರೆ ಅದನ್ನು ಕೊನೆಯ ಜರಡಿಯಾಗಿ ಇಟ್ಟುಕೊಳ್ಳುತ್ತೇನೆ. ಮೇವಿನ ಬಗ್ಗೆ ಒಂದು ಮಾತು: ಅಗ್ಗವೆಂದು ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಯಾರೂ ಕೋಳಿಗೆ ಹಾಕಬೇಡಿ, ಅದರ ವಿಷ ಈರಲಿಯನ್ನು ತಿನ್ನುತ್ತದೆ. ಮರಿಗಳಿಗೆ ಹಳೆಯ ಮಡಕೆಯಲ್ಲಿ ಒದ್ದೆ ಗೋಣಿಚೀಲ, ಸಗಣಿ, ಜೋಳದ ದಂಟು ತುಂಬಿ ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿಟ್ಟರೆ, ಬೆಳಿಗ್ಗೆ ಹಿಂಡಿಗಿಂತ ಒಳ್ಳೆಯ ಮೇವು ಸಿಕ್ಕಿರುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ರೈತ

ಈ ಚರ್ಚೆ ಆರಂಭಿಸಿ 14 ತಿಂಗಳಾದವು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಚಳ್ಳಕೆರೆಯ ಎರಡು ಹುಂಜಗಳನ್ನು ಮೂರು ವಾರ ದನದ ಕೊಟ್ಟಿಗೆಯ ಆಚೆ ಪ್ರತ್ಯೇಕವಾಗಿಟ್ಟು, ಲಸಿಕೆ ಹಾಕಿಸಿ, ನಮ್ಮ ಹಳೆಯ ಹುಂಜವನ್ನು ತೆಗೆದ ಮೇಲೆ ಹಿಂಡಿಗೆ ಬಿಟ್ಟೆವು. ಎರಡೂ ಕಾದಾಡಿದ್ದರಿಂದ ಹಿತ್ತಲಿಗೆ ನಡುವೆ ಬಲೆ ಕಟ್ಟಿ, ಏಳೇಳು ಹೇಂಟೆಗಳನ್ನು ಹಂಚಬೇಕಾಯಿತು. ಮೊಟ್ಟೆಗಳನ್ನು ಮರಳಿನ ಮಡಕೆಗೆ ಸಾಗಿಸಿದೆವು. ಗೂಡಿನಲ್ಲಿ ಗುರುತು ಹಾಕಿದ ಒಂದು ಹಳೆಯ ಮೊಟ್ಟೆಯನ್ನು ಬಿಟ್ಟು ಉಳಿದವನ್ನು ದಿನವೂ ತೆಗೆದರೆ ಹೇಂಟೆ ಗೂಡು ಬದಲಿಸುವುದಿಲ್ಲ. ಈ ವರ್ಷ ಮೊದಲ ಮೂರು ಕಾವಿನಲ್ಲಿ 34 ಮೊಟ್ಟೆಗಳಿಗೆ 27 ಮರಿಗಳು ಒಡೆದವು. ಇದರಲ್ಲಿ ಮಡಕೆಯ ಪಾಲೆಷ್ಟು, ಹೊಸ ರಕ್ತದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ನನ್ನಿಂದಾಗದು. ಪಕ್ಕಕ್ಕೆ ಬಾಗಿದ ಬೆರಳಿನ ಮರಿ ಒಂದೂ ಬರಲಿಲ್ಲ. ನಾಲ್ಕನೆಯ ಕಾವಿನ ಒಂಬತ್ತು ಮರಿಗಳನ್ನು ಮುಂಗುಸಿ ಎರಡೇ ರಾತ್ರಿಯಲ್ಲಿ ಮುಗಿಸಿತು. ಗೂಡಿನ ಕೆಳಗಿನ ಸಂದನ್ನು ಕಲ್ಲು ಗಾರೆಯಿಂದ ಮುಚ್ಚಬೇಕಿತ್ತು, ಉದಾಸೀನ ಮಾಡಿದ್ದೆ. ಆ ಹೇಂಟೆ ಮೂರು ದಿನ ಅಲ್ಲೇ ಸುತ್ತುತ್ತ ಕೂಗಿತು.

ಒಂದೇ ವಾರದಲ್ಲಿ ಒಡೆದ 11 ಹುಂಜಮರಿಗಳನ್ನು 20 ವಾರಕ್ಕೆ ತೂಗಿದಾಗ 1.1 ಕೆಜಿಯಿಂದ 1.7 ಕೆಜಿಯವರೆಗೆ ಇದ್ದವು. ಒಂದೇ ಅಂಗಳದಲ್ಲಿ, ಒಂದೇ ಮೇವಿನಲ್ಲಿ ಇಷ್ಟು ಅಂತರವಿರುತ್ತದೆ ಎಂದು ನಾನೆಂದೂ ಎಣಿಸಿರಲಿಲ್ಲ. ಜಾತ್ರೆಯ ಹಿಂದಿನ ವಾರ ವ್ಯಾಪಾರಿ ಬಂದು 1.7 ಕೆಜಿಯದಕ್ಕೇ ಕೈ ಹಾಕಿ, ಮಾಮೂಲಿಗಿಂತ ಅರ್ಧದಷ್ಟು ಹೆಚ್ಚು ಬೆಲೆ ಹೇಳಿದ. ಮನೆಯವಳು ಅದಕ್ಕೆ ಮೊದಲೇ ಅದರ ಕಾಲಿಗೆ ಅಜ್ಜಿಯಂತೆ ದಾರ ಕಟ್ಟಿದ್ದಳು. ಆ ಹುಂಜಕ್ಕಿಂತಲೂ ಸ್ವಲ್ಪ ಹಗುರವಾದ, ಆದರೆ ಅತಿ ಹೆಚ್ಚು ಮರಿ ಉಳಿಸಿದ ಹೇಂಟೆಯ ಮಗನಾದ ಇನ್ನೊಂದನ್ನೂ ಇಟ್ಟುಕೊಂಡೆವು. ಉಳಿದ ಒಂಬತ್ತನ್ನು ಮಾರಿದೆವು.

ಜಗಳೂರಿನ ಅಕ್ಕನವರೇ, ಡಾಕ್ಟರು ಹೇಳಿದ ಸುತ್ತಿನಂತೆ ಈ ಎರಡು ಹುಂಜಗಳು ನಿಮ್ಮವು. ಬಲಗಾಲಿನ ಹೊರಪೊರೆಯಲ್ಲಿ ರಂಧ್ರವಿರುವುದು ತೂಕದ್ದು, ಎಡಗಾಲಿನ ಒಳಪೊರೆಯಲ್ಲಿರುವುದು ಒಳ್ಳೆಯ ತಾಯಿಯ ಮಗ. ಲಸಿಕೆ ಹಾಕಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಜಗಳೂರಿನ ಗೃಹಿಣಿ, 40 ಕೋಳಿ

ಬರುವ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ತೆಗೆದುಕೊಂಡು ಬಾ ತಮ್ಮಾ. ಎರಡನ್ನೂ ಒಂದೇ ಮಂಕರಿಯಲ್ಲಿ ಹಾಕಬೇಡ, ದಾರಿಯುದ್ದಕ್ಕೂ ಕಾದಾಡುತ್ತವೆ. ಮೂರು ವಾರ ಇಡಲು ಬೇರೆ ಗೂಡನ್ನು ಸಾರಿಸಿ ಸಿದ್ಧ ಮಾಡಿದ್ದೇನೆ. ಚಳ್ಳಕೆರೆಗೆ ಹೋಗಬೇಕಾದ ನನ್ನ ಎರಡು ಹುಂಜಗಳಲ್ಲಿ ಒಂದು ಆ ಬೂದಿ ಬಣ್ಣದ ಬೋಳುಕತ್ತಿನ ಹೇಂಟೆಯ ಮಗ. ಅದರ ಕತ್ತಿನ ಮುಂದೆ ಒಂದು ಗರಿಗೊಂಚಲಿದೆ, ಅಂದರೆ ಮೇಡಂ ಹೇಳಿದಂತೆ ಒಂದು ಪ್ರತಿಯದು. ಚಳ್ಳಕೆರೆಯವರು ಬೇಡವೆಂದರೆ ಈಗಲೇ ತಿಳಿಸಲಿ.

ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರ

ಬೇಕು, ಅಕ್ಕಾ. ಅದಕ್ಕೆ ಮೊದಲು ಕೊಕ್ಕರೆ ರೋಗದ ಲಸಿಕೆ ಆಗಿದೆಯೇ ಎಂಬುದನ್ನು ಮಾತ್ರ ತಿಳಿಸಿ.